ಕಲ್ಲಿಗೆ ಬಾಗಿದ ಸೈಕಲ್

ಬೆಟ್ಟದ ನೆತ್ತಿಯಲ್ಲಿ ಎರಡು ಸೈಕಲ್‌ಗಳು ನಿಂತಿದ್ದವು. ಒಂದು ಪೊನ್ನಪ್ಪನ ಹಳೆಯ, ಸ್ಪ್ರಿಂಗ್ ಇಲ್ಲದ ಗಟ್ಟಿ ಸೈಕಲ್. ಇನ್ನೊಂದು ಅವನ ತಂಗಿ ದೇಚಮ್ಮ ಹುಡುಕಿ ಆರಿಸಿ ತಂದ ಹೊಸದು. ಅದಕ್ಕೆ ಹಿಂದೆಯೂ ಮುಂದೆಯೂ ಸ್ಪ್ರಿಂಗ್ ಇತ್ತು.

"ಕಲ್ಲು ಕಂಡರೆ ಸಾಕು, ಕುಗ್ಗಿಬಿಡುತ್ತೀಯೆ. ನಾನು ಯಾರಿಗೂ ಬಾಗಿದವನಲ್ಲ" ಎಂದಿತು ಹಳೆಯದು. ಅಣ್ಣ ತಂಗಿ ಸೈಕಲ್ ಹತ್ತಿ ಇಳಿಯತೊಡಗಿದರು.

ಇಳಿಜಾರಿನಲ್ಲಿ ದಪ್ಪ ಕಲ್ಲೊಂದು ಎದುರಾಯಿತು. ಮುಂದಿದ್ದ ಹಳೆಯ ಸೈಕಲ್ ಅದಕ್ಕೆ ಎದೆಯೊಡ್ಡಿ, ಪುಟಿದು, ಪೊನ್ನಪ್ಪನನ್ನು ಪೊದೆಗೆ ಎಸೆದು ತಾನೂ ಉರುಳಿತು. ಬಿದ್ದಲ್ಲಿಂದಲೇ ಅದು ನೋಡಿತು. ಹಿಂದೆ ಬಂದ ಹೊಸ ಸೈಕಲ್ ಅದೇ ಕಲ್ಲಿನ ಮೇಲೆ ತಗ್ಗಿ, ಮತ್ತೆ ಎದ್ದು, ದೇಚಮ್ಮನನ್ನು ಹೂವಿನಂತೆ ದಾಟಿಸಿತು.

ದೇಚಮ್ಮ ಓಡಿಬಂದು ಅಣ್ಣನನ್ನು ಎಬ್ಬಿಸಿದಳು. ಮೊಣಕೈ ತರಚಿತ್ತು, ಅಷ್ಟೇ. ಆಮೇಲೆ ಚೀಲದಿಂದ ಬಟ್ಟೆಚೂರೊಂದನ್ನು ತೆಗೆದು ತನ್ನ ಸೈಕಲ್ಲಿನ ಸ್ಪ್ರಿಂಗ್ ಒರೆಸತೊಡಗಿದಳು.

"ಅಷ್ಟು ಬಾಗಿಯೂ ಹೇಗೆ ಎದ್ದೆ, ಮಾರಾಯ?" ಎಂದು ಹಳೆಯದು ಕೇಳಿತು.

"ಬಾಗುವುದು ನನ್ನ ಗುಣ. ಏಳುವ ಶಕ್ತಿ ಮಾತ್ರ ಇವಳದು. ತನ್ನ ತೂಕಕ್ಕೆ ತಕ್ಕಂತೆ ನನ್ನನ್ನು ಬಿಗಿಮಾಡುತ್ತಾಳೆ, ಧೂಳು ಕೂರಲು ಬಿಡುವುದಿಲ್ಲ."

ಹಳೆಯ ಸೈಕಲ್ ಆ ಕೈಗಳನ್ನೇ ನೋಡಿತು. ಪೊನ್ನಪ್ಪ ಎತ್ತಿ ನಿಲ್ಲಿಸಿದಾಗ ಅದು ಹೇಳಿತು: "ನನಗೆ ಬಾಗಲು ಬಾರದು, ತಮ್ಮಾ. ಉಳಿದ ಇಳಿಜಾರಿಗೆ ನೀನೇ ಮುಂದೆ ನಡೆ."