ಗುಮ್ಮಟ ನೇಮಿಸಿದ ಕಿಲ್ಲೇದಾರರು

ಸುಲ್ತಾನರ ಸಮಾಧಿಯಿರುವ ಗುಮ್ಮಟದೊಳಗೆ ಯಾರೂ ತಮ್ಮ ಹೊಗಳಿಕೆಯನ್ನು ತಾವೇ ಕೂಗಬಾರದೆಂಬುದು ಕೋಟೆಯ ನಿಯಮ. ಅಲ್ಲಿನ ಪ್ರಾಣಿಪಕ್ಷಿಗಳು ಅದನ್ನು ಒಂದೇ ಬೆಳಿಗ್ಗೆಯಲ್ಲಿ ಮುರಿದು ಹಾಕಿದವು.

ಮೊದಲು ಗಿಳಿ ಒಳಗೆ ಹಾರಿ, "ಗಿಳಿಯೇ ಕಿಲ್ಲೇದಾರ" ಎಂದು ಕೂಗಿತು. ಗುಮ್ಮಟ ಅದನ್ನೇ ಮತ್ತೆ ಮತ್ತೆ ಮರುನುಡಿಯಿತು.

"ಕೇಳಿದಿರಾ? ಸಮಾಧಿಯಿಂದ ಸುಲ್ತಾನರೇ ಅಪ್ಪಣೆ ಕೊಡುತ್ತಿದ್ದಾರೆ," ಎಂದಿತು ಗಿಳಿ.

ಕೋತಿಗೆ ತಡೆಯಲಾಗಲಿಲ್ಲ. ಅದೂ ಕೂಗಿತು, ಸುಲ್ತಾನರು ಅದಕ್ಕೂ ಒಪ್ಪಿದರು. ಆಡು, ನವಿಲು, ಕತ್ತೆ ಸಾಲುಗಟ್ಟಿ ನಿಂತವು. ಮಧ್ಯಾಹ್ನದ ಹೊತ್ತಿಗೆ ಕೋಟೆಯ ತುಂಬ ಕಿಲ್ಲೇದಾರರೇ. ಸಲಾಮು ಹೊಡೆಯಲು ಸಿಪಾಯಿಯೊಬ್ಬನೂ ಉಳಿದಿರಲಿಲ್ಲ.

ಆಗ, ಬಾಗಿಲ ಬಳಿಯ ಹಳೆಯ ಫಿರಂಗಿಯೊಳಗೆ ಗೂಡು ಕಟ್ಟಿದ್ದ ಗುಬ್ಬಿ ಹಾರಿಬಂತು. "ಬೆಕ್ಕು ಬರ್ತಿದೆ. ನನ್ನ ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ. ಯಾರಾದರೂ ಬನ್ನಿ."

"ಕತ್ತೆ ಹೋಗಲಿ," ಎಂದು ಗಿಳಿ ಆಜ್ಞೆ ಮಾಡಿತು.

"ಕಿಲ್ಲೇದಾರನಿಗೇ ಆಜ್ಞೆಯೇ? ಕೋತಿ ಹೋಗಲಿ," ಎಂದಿತು ಕತ್ತೆ.

"ನಾನು ಹೋದರೆ ಕೋಟೆಯ ಗತಿ ಏನು ಸ್ವಾಮಿ?" ಎಂದು ಕೋತಿ ಇಲ್ಲದ ಮೀಸೆ ತಿರುವಿತು.

ಇನ್ನೂ ಕೂಗದೆ ಮೂಲೆಯಲ್ಲಿದ್ದ ಮುಳ್ಳುಹಂದಿ ಎದ್ದು ಹೊರಟಿತು.

"ನಿಲ್ಲು ಮಾರಾಯ, ನೀನೊಬ್ಬ ಬಾಕಿ. ಒಮ್ಮೆ ಕೂಗಿಬಿಡು, ಕಿಲ್ಲೇದಾರನಾಗಿಯೇ ಹೋಗುವೆಯಂತೆ," ಎಂದವು ಎಲ್ಲವೂ.

ಮುಳ್ಳುಹಂದಿ ಬಾಯಿ ತೆರೆಯಲಿಲ್ಲ. ನೇರವಾಗಿ ಫಿರಂಗಿಯ ಬಳಿಗೆ ಹೋಗಿ, ತಲೆಯನ್ನು ಒಳಗೆ ತೂರಿಸಿ, ಬೆನ್ನನ್ನು ಬೆಕ್ಕಿನ ಕಡೆಗೆ ಮಾಡಿ, ಮುಳ್ಳು ಕೆದರಿಕೊಂಡು, ಫಿರಂಗಿಯ ಬಾಯಿ ತುಂಬ ಕೂತುಬಿಟ್ಟಿತು.