ಚಿಕ್ಕತಾಯಮ್ಮನ ಸೂಜಿಗೆ ಮರಿಲಿಂಗ ಜಾಗ ಹಿಡಿದದ್ದು

ಎಲೆ ಅಡಿಕೆ ಹಾಕ್ಕೊಳ್ಳೋರು ಈಗ್ಲೇ ಹಾಕ್ಕೊಂಬಿಡಿ. ನಡುವೆ ಎದ್ದು ಉಗಿಯೋಕೆ ಹೋದ್ರೆ ನಾನು ಕತೆ ನಿಲ್ಸಲ್ಲ. ವಾಪಸ್ ಬಂದು ಏನಾಯ್ತು ಏನಾಯ್ತು ಅಂತ ಕೇಳಿದ್ರೆ ಹೇಳೋದೂ ಇಲ್ಲ.

ಹೊಂಗೆದೊಡ್ಡೀಲಿ ಚಿಕ್ಕತಾಯಮ್ಮ ಅಂತ ಒಬ್ಬಳು ಮುದುಕಿ. ಗಂಡ ಇಲ್ಲ. ಇದ್ದದ್ದು ಮನೆ ತುಂಬ ರೇಷ್ಮೆ ಹುಳ, ಜೊತೆಗೊಬ್ಬ ಮಗ, ಮರಿಲಿಂಗ. ಹುಳಕ್ಕಾದ್ರೂ ಸೊಪ್ಪು ಯಾವ್ದು ಕಡ್ಡಿ ಯಾವ್ದು ಅಂತ ಗೊತ್ತಿತ್ತು, ಮರಿಲಿಂಗನಿಗೆ ಅದೂ ಗೊತ್ತಿರ್ಲಿಲ್ಲ. ಹೇಳಿದ್ದನ್ನ ಮಾತ್ರ ಚಾಚೂ ತಪ್ಪದೆ ಮಾಡೋನು. ಅದೇ ಅವನ ಕಾಯಿಲೆ!

ಹೋದ ಚಳೀಲಿ ಮುದುಕಿಗೆ ನೆಗಡಿ ಬಂತು, ನೆಗಡಿ ಎದೆಗಿಳೀತು, ನಿಮೋನಿಯಾ ಆಯ್ತು. ಮೂಗಿಗೆ ಕೊಳವೆ ಹಾಕ್ಸ್ಕೊಂಡು, ಉಸಿರಿಗೆ ಒದ್ದಾಡಿ ಒದ್ದಾಡಿ ಹೆಂಗೋ ಬದುಕ್ಕೊಂಡ್ಳು. ಆಸ್ಪತ್ರೆಯ ಸುಗುಣಾ ಸಿಸ್ಟರು ಕಡ್ಡಿ ಮುರಿದಂಗೆ ಹೇಳಿದ್ರು, “ಅಜ್ಜಿ, ಮುಂದಿನ ಚಳಿ ಬರೋಕೆ ಮುಂಚೆ ಫ್ಲೂ ಸೂಜಿ, ನಿಮೋನಿಯಾ ಸೂಜಿ, ಎರಡೂ ಹಾಕಿಸ್ಕೊಳ್ಳಿ. ಈ ಎದೆ ಇನ್ನೊಂದ್ಸಲ ತಡೆಯಲ್ಲ.”

ಸರಿ, ಸೂಜಿ ಹಾಕೋ ದಿನ ಬಂತು. ಅವತ್ತೇ ಹುಳ ಸೊಪ್ಪಿಗೆ ಬಾಯಿ ಬಿಡ್ತಾ ಕೂತಿದ್ವು.

“ಲೋ ಮರಿಲಿಂಗ, ನಾನು ಸೊಪ್ಪು ಹಾಕ್ಬುಟ್ಟು ಬತ್ತೀನಿ. ನೀನು ಮುಂದಾಗಿ ಹೋಗಿ ಸಾಲಲ್ಲಿ ನನ್ನ ಜಾಗ ಹಿಡ್ಕೊ. ಏನೇ ಆದ್ರೂ ಜಾಗ ಬುಡಬ್ಯಾಡ! ನನ್ನ ಹೆಸ್ರು ಕೂಗಿದ್ರೆ ಓ ಅನ್ನು!”

“ಆಗ್ಲಿ ಕಣವ್ವ!”

ಹೋದ. ನಿಂತ. ಸಾಲು ಕರಗ್ತು, ಅವ್ವ ಬರ್ಲಿಲ್ಲ. ಅಲ್ಲೊಬ್ಬಳು ಹೊಸ ಸಿಸ್ಟರು, ಜನದ ನೂಕಾಟದಲ್ಲಿ ತಲೆ ಎತ್ತೋಕೂ ಪುರುಸೊತ್ತಿಲ್ಲ.

“ಚಿಕ್ಕತಾಯಮ್ಮ!”

“ಓ!”

“ತೋಳು ತೋರ್ಸಿ ಅಜ್ಜಿ.”

ತೋರ್ಸಿದ. ಚುಚ್ಚಿದ್ಳು. ಹತ್ತಿ ಒತ್ತೋವಾಗ ಮುಖ ನೋಡ್ತಾಳೆ, ಅಜ್ಜಿಗೆ ಮೀಸೆ! ಅವತ್ತಿಗೆ ಉಳಿದಿದ್ದ ಕೊನೇ ಸೂಜಿ ಅದು.

ಏದುಸಿರು ಬಿಡ್ತಾ ಬಂದ ಚಿಕ್ಕತಾಯಮ್ಮ ತಲೆ ತಲೆ ಚಚ್ಕೊಂಡ್ಳು. “ನನ್ನ ಹೊಟ್ಟೆ ಉರ್ಸೋಕೆ ಹುಟ್ಟಿದೋನೆ! ನನ್ನ ಸೂಜಿ ನೀನು ಚುಚ್ಚಿಸ್ಕೊಂಡ್ಯಲ್ಲೋ! ಇನ್ಮೇಲೆ ಆಸ್ಪತ್ರೆ ಕಡೆ ತಲೆ ಹಾಕಬ್ಯಾಡ. ಹುಳದ ಮನೆ ಬಾಗಿಲಲ್ಲಿ ಬಿದ್ದಿರು. ಹೊರಗಿನೋರು ಯಾರೇ ಬಂದ್ರೂ ಸುಣ್ಣದ ಪುಡಿ ಸೋಕಿಸ್ದೆ ಒಳಕ್ಕೆ ಬುಡಬ್ಯಾಡ, ಹುಳಕ್ಕೆ ರೋಗ ಬಂದಾತು!”

“ಆಗ್ಲಿ ಕಣವ್ವ!”

ಮುದುಕಿ ಪಾಡು ನೋಡಿ ಸುಗುಣಾ ಸಿಸ್ಟರಿಗೆ ಅಯ್ಯೋ ಅನ್ನಿಸ್ತು. ಹೊಸ ಔಷಧಿ ಬಂದದ್ದೇ ತಡ, ಐಸ್ ಡಬ್ಬೀಲಿಟ್ಕೊಂಡು ಸ್ಕೂಟರ್ ಹತ್ತಿ ಮನೆಗೇ ಬಂದ್ರು. ಒಳ್ಳೇ ಹೆಂಗ್ಸು, ಪಾಪ. ಡಬ್ಬಿ ಮುಚ್ಚಳ ತೆಗೆದು, “ಅಜ್ಜೀ” ಅಂತ ಬಾಗಿಲಿಗೆ ಕಾಲಿಟ್ರು.

“ನಿಂತ್ಕೊಳ್ಳಿ ಅಲ್ಲೇ!”

ಹುಳದ ಮನೇಲಿ ಹೊಸಲಿನ ಮುಂದೆ ಒಂದು ಹಿಡಿ ಸುಣ್ಣ ಹಾಕಿ ತುಳಿಸ್ತಾರೆ, ಅಷ್ಟೇ. ಮರಿಲಿಂಗ ಸುಣ್ಣದ ಮಂಕರೀನೇ ಎತ್ತಿ ಸಿಸ್ಟರ ನೆತ್ತಿ ಮೇಲೆ ಸುರಿದ! ಸೀರೆ ಬಿಳಿ, ಜಡೆ ಬಿಳಿ, ಕಣ್ಣುರೆಪ್ಪೆ ಬಿಳಿ. ಐಸ್ ಡಬ್ಬೀಲಿ ಐಸು ಎಲ್ಲಿ, ಸುಣ್ಣ ಎಲ್ಲಿ, ಗೊತ್ತಾಗ್ಲಿಲ್ಲ.

“ಆಕ್ಷೀ! ನಿನಗೆ ತಲೆಗಿಲೆ ಇದ್ಯೇನಯ್ಯಾ? ಆಕ್ಷೀ! ಔಷಧಿಯೆಲ್ಲಾ ಹಾಳಾಯ್ತು! ಸೂಜಿ ಅಂತ ಹೊರಟ ಮೇಲೆ ದಾರಿ ಉದ್ದಕ್ಕೂ ತಣ್ಣಗಿಡ್ಬೇಕು ಕಣಯ್ಯಾ, ತಣ್ಣಗೆ! ಬಿಸಿಲು ಸೋಕಂಗಿಲ್ಲ! ನಾಳೆ ಅಜ್ಜೀನ ನೀನೇ ಕರ್ಕೊಂಡು ಬಾ!”

“ಆಗ್ಲಿ ಕಣಕ್ಕ!”

ಮಾರನೇ ಬೆಳಿಗ್ಗೆ ಮುದುಕಿ ಮೊಪೆಡ್ ಮೇಲೆ ಕೂತಿದ್ದೇ, ಹಿಂದಿನಿಂದ ಒಂದು ಒದ್ದೆ ಗೋಣಿತಟ್ಟು ಬಿತ್ತು. ಹಿಪ್ಪುನೇರಳೆ ಸೊಪ್ಪು ಬಾಡದಂಗೆ ಹೊದಿಸ್ತಾರಲ್ಲ, ಅದೇ. ಅದರ ಮೇಲೆ ಇನ್ನೊಂದು.

“ಯಾಕ್ಲಾ ಇದು?”

“ತಣ್ಣಗಿಡ್ಬೇಕಂತೆ ಕಣವ್ವ!”

ಮುದುಕಿ ಕೂಗ್ಕೊಂಡ್ಳು, ಮೊಪೆಡ್ ಸದ್ದಲ್ಲಿ ಯಾರಿಗೆ ಕೇಳಿಸ್ಬೇಕು? ದಾರೀಲಿ ಸಿಕ್ಕ ಸಿಕ್ಕ ಬೋರ್‌ವೆಲ್ ಹತ್ರ ನಿಲ್ಲಿಸಿ ಅವ್ವನ ಮೇಲೆ ಒಂದೊಂದು ಬಿಂದಿಗೆ ನೀರು ಸುರೀತಾನೇ ಹೋದ. ಆಸ್ಪತ್ರೆ ಸೇರೋ ಹೊತ್ತಿಗೆ ಹಲ್ಲು ಕಟಕಟ, ಮೈ ಕೆಂಡ, ಎದೇಲಿ ಗೊರಗೊರ.

ಡಾಕ್ಟರು ಮೈ ಮುಟ್ಟಿ ನೋಡಿ, “ಇಷ್ಟು ಜ್ವರದಲ್ಲಿ ಇವತ್ತು ಸೂಜಿ ಬೇಡ” ಅಂದ್ರು.

ಆ ಗೊರಗೊರ ಕೇಳಿ ಮರಿಲಿಂಗನಿಗೂ ಹೋದ ವರ್ಷದ್ದು ನೆನಪಾಯ್ತು. ಅಲ್ಲೇ ನೆಲದ ಮೇಲೆ ಕುಸಿದು ಗೊಳೋ ಅಂದ. “ಅವ್ವ ಸತ್ತೋದ್ರೆ ನನ್ನ ಬೈಯೋರ್ ಯಾರು ಡಾಕ್ಟ್ರೇ?”

ನಗಬೇಡಿ. ಅವನಿಗೆ ಅವಳನ್ನ ಬಿಟ್ರೆ ಇನ್ಯಾರೂ ಇರ್ಲಿಲ್ಲ.

ಡಾಕ್ಟರ ಮನಸ್ಸು ಕರಗ್ತು. “ಅಳಬೇಡವೋ. ಈ ಮಾತ್ರೆ ಕೊಡು. ಹುಳ ಸಾಕ್ತೀಯಲ್ಲ, ಹಂಗೇ ಸಾಕು ನಿಮ್ಮವ್ವನ್ನ. ಸೋಮವಾರ ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲೇ ಸೂಜಿ ಹಾಕ್ತಾರೆ, ಅಲ್ಲಿಗೆ ಕರ್ಕೊಂಡು ಬಾ.”

“ಹುಳದಂಗೇನೇ?”

“ಹುಳದಂಗೇನೇ!”

ಅಯ್ಯೋ ಡಾಕ್ಟ್ರೇ! ಅಷ್ಟು ಓದಿದೋರು, ಆ ಮಾತ್ನ ಇವನ ಮುಂದೆ ಆಡಬಹುದಾ?

ಮನೆಗೆ ಬಂದೋನೆ ಹಿಪ್ಪುನೇರಳೆ ಸೊಪ್ಪು ಸಣ್ಣಗೆ ಹೆಚ್ಚಿ ಮುದುಕಿ ಮೇಲೆ ಚೆಲ್ಲಿದ. “ತಿನ್ನವ್ವ!”

“ನಿನ್ನ ಬಾಯಿಗೆ ಮಣ್ಣಾಕ! ಗಂಜಿ ಕಾಯ್ಸ್ಲಾ!”

ಗಂಜಿ ಕಾಯ್ಸ್ದ. ಕಿಟಕಿ ತೆಗೆದ. ಹೊತ್ತೊತ್ತಿಗೆ ಮಾತ್ರೆ ಕೊಟ್ಟ. ಸುಳ್ಳು ಹೇಳ್ಬಾರ್ದು, ಚೆನ್ನಾಗೇ ನೋಡ್ಕೊಂಡ. ಭಾನುವಾರದ ಹೊತ್ತಿಗೆ ಜ್ವರ ಬಿಡ್ತು, ಎದೆ ಹಗುರಾಯ್ತು, ಮುದುಕಿ ಬಿಳೀ ಕಂಬಳಿ ಸುತ್ಕೊಂಡು ಗೊರಕೆ ಹೊಡೆದ್ಳು. ಸೋಮವಾರ ಮರಿಲಿಂಗ ಎದ್ದು ನೋಡ್ತಾನೆ, ಬೆಳ್ಳಗೆ, ಗುಂಡಗೆ, ಮುದುರ್ಕೊಂಡು ಮಲಗವ್ಳೆ!

“ನಮ್ಮವ್ವ ಗೂಡು ಕಟ್ಟವ್ಳೆ!”

ಹೊತ್ತು ಟೆಂಪೋಗೆ ಹಾಕಿದ. ಮಾತ್ರೆ ಮಂಪರಲ್ಲಿ ಮುದುಕಿಗೆ ಎಚ್ಚರವೇ ಆಗ್ಲಿಲ್ಲ. ಮಾರ್ಕೆಟ್ಟಲ್ಲಿ ಗೂಡು ಸುರಿಯೋ ತೊಟ್ಟೀಲಿ ಮಲಗಿಸಿದ. ನೂಲು ತೆಗೆಯೋ ಪ್ಯಾರೂ ಸಾಬ್ರು ಬಂದ್ರು. ಗೂಡು ಗಟ್ಟಿ ಇದ್ಯಾ ಅಂತ ಹಿಸುಕಿ ನೋಡೋದು ಅವರ ಪದ್ಧತಿ. ಹಿಸುಕಿದ್ರು.

“ಯಾವನ್ಲಾ ಅವನು, ನಿನ್ನ ಕೈ ಸೇದೋಗ!”

ಸಾಬ್ರು ನೆಗೆದು ಹಿಂದಕ್ಕೆ ಬಿದ್ರು. “ಅರೆ, ಇದು ಬೈತದಲ್ಲಪ್ಪಾ! ಈ ತಳಿ ನಮಗೆ ಬೇಡ!”

ಎದುರಿಗೇ ಸುಗುಣಾ ಸಿಸ್ಟರ ಮೇಜು. ಚಿಕ್ಕತಾಯಮ್ಮ ಕಂಬಳಿ ಕಿತ್ತೆಸೆದು ಓಡಿ ಹೋಗಿ ಎರಡು ತೋಳೂ ಚಾಚಿದ್ಳು. “ಹಾಕು ತಾಯಿ! ಇವನಿಗೆ ಇನ್ಯಾರಾದ್ರೂ ಬುದ್ಧಿ ಹೇಳೋಕೆ ಮುಂಚೆ ಹಾಕ್ಬುಡು!”

ಈ ತೋಳಿಗೆ ಫ್ಲೂದು, ಆ ತೋಳಿಗೆ ನಿಮೋನಿಯಾದ್ದು. ಮುದುಕಿ ಉಸ್ಸಪ್ಪಾ ಅಂತ ಕೂತು ಕಣ್ಣೊರೆಸ್ಕೊಂಡ್ಳು. ಈ ಚಳಿಗೆ ಹೆದರೋಹಂಗಿಲ್ಲ ಅನ್ನೋ ಧೈರ್ಯ ಬಂತು.

“ನಿಮೋನಿಯಾದ್ದು ಆಯ್ತು ಅಜ್ಜಿ” ಅಂದ್ರು ಸಿಸ್ಟರು. “ಫ್ಲೂದು ಮಾತ್ರ ವರ್ಷಾವರ್ಷ ಹಾಕಿಸ್ಬೇಕು. ಮುಂದಿನ ವರ್ಷ ಬೇಗ ಬನ್ನಿ, ಸಾಲು ಉದ್ದ ಇರುತ್ತೆ.”

ಮುದುಕಿ ಟೆಂಪೋ ಹತ್ತಿ ಊರಿಗೆ ಬಂದ್ಳು. ಮಗ ಹಿಂದಿನಿಂದ ಬತ್ತಾನೆ ಅಂದ್ಕೊಂಡ್ಳು. ಹೊತ್ತು ಇಳೀತು, ಮರಿಲಿಂಗನ ಪತ್ತೆ ಇಲ್ಲ. ಬಯ್ಕೊಂಡೇ ವಾಪಸ್ ಮಾರ್ಕೆಟ್ಟಿಗೆ ಹೋದ್ಳು. ಜನ ಇಲ್ಲ, ಮೇಜಿಲ್ಲ, ಸಿಸ್ಟರಿಲ್ಲ. ಮೇಜಿದ್ದ ಜಾಗದ ಮುಂದೆ ಅದೇ ಬಿಳೀ ಕಂಬಳಿ ಹಾಸ್ಕೊಂಡು ಮರಿಲಿಂಗ ಒಬ್ಬನೇ ಕೂತವ್ನೆ!

“ಎಲ್ಲಾ ಮುಗ್ದೋಯ್ತಲ್ಲೋ, ಇನ್ನೂ ಇಲ್ಲೇನ್ಲಾ ಮಾಡ್ತಿದ್ದೀಯ?”

“ಮುಂದಿನ ವರ್ಷಕ್ಕೆ ನಿನ್ನ ಜಾಗ ಹಿಡ್ಕೊಂಡಿವ್ನಿ ಕಣವ್ವ! ನೋಡು, ನಾವೇ ಮೊದಲು! ಈ ಸಲ ಹೆಸ್ರು ಕೂಗಿದ್ರೆ ನಾನು ಓ ಅನ್ನಲ್ಲ. ನೀನು ಹೋಗಿ ಸೊಪ್ಪು ಹಾಕ್ಬುಟ್ಟು ನಿಧಾನಕ್ಕೆ ಬಾ!”