ಒಂದೇ ಹೆಸರಿನ ಎರಡು ಬುಡ್ಡೆಗಿಡ

ರಾಗಿ ಹೊಲದ ಬದುವಿನಲ್ಲಿ ಎರಡು ಬುಡ್ಡೆಗಿಡಗಳು ಅಕ್ಕಪಕ್ಕದಲ್ಲೇ ಬೆಳೆದಿದ್ದವು. ಒಬ್ಬಳ ಮೈ ನುಣುಪು, ಇನ್ನೊಬ್ಬಳ ಮೈತುಂಬ ನವಿರಾದ ರೋಮ. ಇಬ್ಬರ ಹಣ್ಣೂ ಕಾಗದದಂಥ ಬುಡ್ಡೆಯೊಳಗೆ ಅಡಗಿರುತ್ತಿದ್ದರಿಂದ, ಕಳೆ ಕೀಳಲು ಬರುವ ಹೊಂಬಾಳಮ್ಮನಿಗೆ ಇಬ್ಬರೂ ಒಂದೇ. ನುಣುಪಿನವಳ ಹಣ್ಣು ತಿಂದು, "ಬುಡ್ಡೆಹಣ್ಣು ಅಂದ್ರೆ ಸಕ್ಕರೆ ಕಣ್ರೇ!" ಎಂದು ಜೊತೆಯವರಿಗೆ ಹೇಳಿ, ಎರಡು ಗಿಡಗಳನ್ನೂ ಕೀಳದೆ ಬಿಡುತ್ತಿದ್ದಳು.

ಆ ಹೊಗಳಿಕೆ ಕೇಳಿದಾಗಲೆಲ್ಲ ರೋಮದವಳ ಹೊಟ್ಟೆ ಉರಿಯುತ್ತಿತ್ತು. ತನ್ನ ಹಣ್ಣನ್ನು ಯಾರೂ ಬಾಯಿಗಿಟ್ಟು ನೋಡಿಲ್ಲವಲ್ಲ!

"ಅವಳ ಹೂವು ನೋಡು, ಬರೀ ಹಳದಿ. ನನ್ನ ಹೂವಿನೊಳಗೆ ಐದು ಕಪ್ಪು ಚುಕ್ಕಿ ಇವೆ. ಆದರೂ ಹೆಸರೆಲ್ಲ ಅವಳಿಗೆ," ಎಂದು ಬದುವಿನ ಕಲ್ಲಿನ ಮೇಲೆ ಬಿಸಿಲು ಕಾಯುತ್ತಿದ್ದ ಓತಿಕ್ಯಾತನ ಮುಂದೆ ಗೊಣಗಿದಳು.

"ಹೋಗಲಿ ಬಿಡಕ್ಕ. ಗುಂಪಿನಲ್ಲಿ ಗೋವಿಂದ ಅಂತ ಇದ್ದುಬಿಡು," ಎಂದ ಓತಿಕ್ಯಾತ.

"ಎಲ್ಲದಕ್ಕೂ ತಲೆ ಆಡಿಸುವವನು ನೀನು. ಮಾನ ಮರ್ಯಾದೆ ನಿನಗೇನು ಗೊತ್ತು?"

ಮರುದಿನ ಹೊಂಬಾಳಮ್ಮ ಬಂದದ್ದೇ ತಡ, ರೋಮದವಳು ಕೂಗಿದಳು. "ತಾಯಿ, ನಾವಿಬ್ಬರೂ ಬೇರೆ ಬೇರೆ! ನನ್ನ ಕಾಂಡ ಸವರಿ ನೋಡು, ಹೂವಿನೊಳಗೆ ಇಣುಕಿ ನೋಡು, ಆಮೇಲೆ ನನ್ನ ಹಣ್ಣು ತಿಂದು ಹೇಳು."

ಹೊಂಬಾಳಮ್ಮ ಸವರಿದಳು, ಇಣುಕಿದಳು, ಹಣ್ಣು ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದಳು. "ಅಯ್ಯೋ, ಕಹಿ! ಇಷ್ಟು ದಿನ ಅವಳ ಮುಖ ನೋಡಿ ನಿನ್ನನ್ನೂ ಉಳಿಸಿದ್ನಲ್ಲೇ! ಇನ್ನು ಗುರುತು ತಪ್ಪಲ್ಲ ಬಿಡು," ಎಂದು ಬುಡಕ್ಕೆ ಕೈಹಾಕಿದಳು.

ಬೇರು ಕಿತ್ತು ಬರುವಾಗಲೂ ರೋಮದವಳ ಕಣ್ಣು ಪಕ್ಕದವಳ ಮೇಲೇ ಇತ್ತು. ತನ್ನ ಜಾಗವೂ ಈಗ ಅವಳಿಗೇ ಸಿಕ್ಕಿತಲ್ಲ!